ತಾಳಮದ್ದಳೆ ರೆಕಾರ್ಡಿಂಗಿನ ಧ್ವನಿ ಸಮ ಮಾಡುವ ಬಗೆ

ನಮ್ಮ ಬದಿಯಡ್ಕ ಕಡೆಯ ತಾಳಮದ್ದಳೆಗಳಲ್ಲಿ (ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೃಷ್ಣನ ಅರ್ಥ, ಅಂದರೆ ಪಾತ್ರದ ಮಾತು, ಹೇಳುವವರು ಮೈಕಿಗೆ ಬಾಯಿ ತಾಗಿಸಿಯೇ ಮಾತಾಡುತ್ತಾರೆ. ಕೌರವನ ಅರ್ಥದವರು ಹಿಂದಕ್ಕೆ ಒರಗಿ ಮೈಕನ್ನೇ ಮರೆಯುತ್ತಾರೆ. ನಡುವೆ ಚೆಂಡೆ. ಕೇಳುವವರಿಗೆ ವಾಲ್ಯೂಮ್ ಏರಿಸಿ ಇಳಿಸುವುದೇ ಕೆಲಸ, ಅಲ್ವಾ?

ಇದನ್ನು ಸರಿಮಾಡಲು ಉಚಿತವಾಗಿ ಸಿಗುವ ಧ್ವನಿ ಎಡಿಟಿಂಗ್ ಸಾಫ್ಟ್‌ವೇರ್ ಆಡಾಸಿಟಿ ಸಾಕು. ಮೂಲ ಫೈಲಿನ ನಕಲು ತೆಗೆದಿಟ್ಟೇ ಶುರುಮಾಡಿ. ಸುಮ್ನೆ ‘ನಾರ್ಮಲೈಸ್’ ಒತ್ತಿದರೆ ಆಗದು. ಅದು ನೋಡುವುದು ಅತಿ ದೊಡ್ಡ ಸದ್ದನ್ನು ಮಾತ್ರ. ಒಂದೇ ಒಂದು ಚೆಂಡೆ ಪೆಟ್ಟು ತುದಿ ಮುಟ್ಟಿದ್ದರೂ ಮಾತು ಇದ್ದಲ್ಲೇ ಇರುತ್ತದೆ.

ಹಾಗಾಗಿ ಕೈಕೆಲಸ ಮೊದಲು. ಕೌರವನ ಮಾತನ್ನಷ್ಟೇ ಆರಿಸಿ, ‘ಆಂಪ್ಲಿಫೈ’ನಲ್ಲಿ 5-6 ಡೆಸಿಬೆಲ್ ಏರಿಸಿ. ಚೆಂಡೆ, ಕೆಮ್ಮು, ಮೈಕು ಎಳೆದ ಸದ್ದು ಇವನ್ನು ಆರಿಸಿ ಇಳಿಸಿ. ಬೇಜಾರಿನ ಕೆಲಸವೇ, ಆದರೆ ಅರ್ಧ ಫಲಿತಾಂಶ ಇಲ್ಲೇ ಸಿಗುತ್ತದೆ. ಫ್ಯಾನಿನ ಗುಂಯ್ ಸದ್ದಿದ್ದರೆ ಈಗಲೇ ‘ನಾಯ್ಸ್ ರಿಡಕ್ಷನ್’ ಮಾಡಿ, ಮುಂದೆ ಕಂಪ್ರೆಸ್ ಮಾಡಿದ (ಜೋರು-ಮೆಲು ಸದ್ದಿನ ಅಂತರ ತಗ್ಗಿಸಿದ) ಮೇಲೆ ಅದೂ ಜೋರಾಗುತ್ತದೆ.

ನಂತರ ‘ಕಂಪ್ರೆಸರ್’: ಥ್ರೆಶೋಲ್ಡ್ (ತಗ್ಗಿಸಲು ಶುರುಮಾಡುವ ಮಟ್ಟ) ಮೈನಸ್ 20 ಡೆಸಿಬೆಲಿನ ಹತ್ತಿರ, ರೇಶಿಯೋ (ತಗ್ಗಿಸುವ ಪ್ರಮಾಣ) 3:1. ಇದಕ್ಕಿಂತ ಜಾಸ್ತಿ ಬೇಡ. ವಾದ ಏರಿದಾಗ ಧ್ವನಿಯೂ ಏರಬೇಕು, ಇಲ್ಲದಿದ್ದರೆ ಅದೆಂಥ ತಾಳಮದ್ದಳೆ!

ಕೊನೆಗೆ ‘ಲೌಡ್‌ನೆಸ್ ನಾರ್ಮಲೈಸೇಶನ್’: ಮೋನೋಗೆ ಮೈನಸ್ 19, ಸ್ಟೀರಿಯೋಗೆ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳಿಸುವ ಸರಾಸರಿ ಜೋರಿನ ಅಳತೆ). ಅದಾದ ಮೇಲೆ ಮೈನಸ್ 1 ಡೆಸಿಬೆಲಿಗೆ ‘ಲಿಮಿಟರ್’, ಸದ್ದು ಆ ಮಿತಿ ದಾಟದಂತೆ ತಡೆಯಲು. ರೆಕಾರ್ಡ್ ಆಗುವಾಗಲೇ ಒಡೆದ ಧ್ವನಿಗೆ ಮಾತ್ರ ಇದ್ಯಾವುದೂ ಮದ್ದಲ್ಲ. ಮುಂದಿನ ಸಲ ಗೇನ್ (ರೆಕಾರ್ಡಿಂಗ್ ಮಟ್ಟ) ಇಳಿಸಿಯೇ ಕೂರಿ.