ನಾಲ್ಕನೇ ಹಂತದ ಶ್ವಾಸಕೋಶ ಕ್ಯಾನ್ಸರ್: ಗಾಡಿ ಹತ್ತುವ ಮುಂಚೆ ಮಾಡಬೇಕಾದ್ದು

ಶ್ವಾಸಕೋಶದ ಕ್ಯಾನ್ಸರ್ ನಾಲ್ಕನೇ ಹಂತದಲ್ಲಿದೆ, ಅಂದರೆ ಬೇರೆಡೆಗೂ ಹರಡಿದೆ ಎಂದು ಗೊತ್ತಾದ ಮರುದಿನವೇ ನಮ್ಮ ಕೊಡಗಿನ ಮನೆಗಳಲ್ಲಿ ಗಾಡಿ ಹೊರಡುತ್ತದೆ. ಮೈಸೂರು, ಮಂಗಳೂರು, ಬೆಂಗಳೂರು ಮೂರೂ ಸುತ್ತುತ್ತಾರೆ. ಎಲ್ಲಿ ಹೋದರೂ ಡಾಕ್ಟರು ಕೇಳುವುದು ಬಯಾಪ್ಸಿಯ, ಅಂದರೆ ಗೆಡ್ಡೆಯಿಂದ ತೆಗೆದ ಚೂರಿನ ಪರೀಕ್ಷೆಯ, ಪೂರ್ತಿ ರಿಪೋರ್ಟ್. ಅದೊಂದೇ ಇವರ ಬಳಿ ಇರುವುದಿಲ್ಲ. ಅಷ್ಟರಲ್ಲಿ ರೋಗಿ ಬಳಲಿರುತ್ತಾರೆ, ಕೊಯ್ಲಿನ ಹಣ ಬಾಡಿಗೆ ಕಾರಿಗೆ, ಎರಡೆರಡು ಬಾರಿ ಮಾಡಿಸಿದ ಸ್ಕ್ಯಾನಿಗೆ ಹೋಗಿರುತ್ತದೆ. ಇದನ್ನು ನೋಡಿ ನೋಡಿ ಸಂಕಟವಾಗಿ ಬರೆಯುತ್ತಿದ್ದೇನೆ.

ಫೈಲ್ ಮತ್ತು ಕಾರ್ಡ್

ಎಲ್ಲ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಒಂದೇ ಫೈಲಿಗೆ ಹಾಕಿ. ಸಿಟಿ ಸ್ಕ್ಯಾನಿನ ಫಿಲ್ಮ್ ಸಾಲದು, ಸಿಡಿ ಕೇಳಿ ಪಡೆಯಿರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಭಾಗ, 1.5 ಲಕ್ಷದವರೆಗೆ. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಮಡಿಕೇರಿಯ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬರೆಸಿಕೊಳ್ಳಿ. ಈ ಪತ್ರವಿಲ್ಲದೆ ಅಡ್ಮಿಟ್ ಆಗಿ, ಆಮೇಲೆ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಮೇಜಿನ ಮುಂದೆ ಅಂಗಲಾಚುವವರು ಬಹಳ.

ಯಾವ ಊರು?

ಒಂದನ್ನು ಆರಿಸಿ, ಅಲ್ಲೇ ನಿಲ್ಲಿ. ಬೆಂಗಳೂರಿನ ಕಿದ್ವಾಯಿ ಸರ್ಕಾರದ್ದು, ಕ್ಯಾನ್ಸರಿಗೆಂದೇ ಇರುವುದು, ಕಾಯುವ ತಾಳ್ಮೆ ಬೇಕು. ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಘಾಟಿ ಇಳಿದರೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ. ನಮ್ಮ ಆಯುಷ್ಮಾನ್ ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿ. ನನ್ನನ್ನು ಕೇಳಿದರೆ, ಚಿಕಿತ್ಸೆ ವರ್ಷಗಟ್ಟಲೆ ನಡೆಯಬಹುದಾದ್ದರಿಂದ ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಮನೆ ಸೇರಬಹುದಾದ ಊರೇ ಲೇಸು. ಎರಡನೇ ಅಭಿಪ್ರಾಯ ಬೇಕೆನಿಸಿದರೆ ಫೈಲ್ ಹೋಗಲಿ, ರೋಗಿಯನ್ನು ಅಲೆದಾಡಿಸಬೇಡಿ.

ಕ್ಯಾನ್ಸರ್ ಮೈಯಲ್ಲಿ ಎಲ್ಲೆಲ್ಲಿ ಹರಡಿದೆ ಎಂದು ನೋಡುವ ಪೆಟ್ ಸ್ಕ್ಯಾನಿಗೆ ಹೋಗುವಾಗ ಒಂದು ಎಚ್ಚರಿಕೆ. ಕನಿಷ್ಠ ಆರು ಗಂಟೆ ಹೊಟ್ಟೆ ಖಾಲಿ ಇರಬೇಕು, ಬರೀ ನೀರು ಕುಡಿಯಬಹುದು. ನಸುಕಿನಲ್ಲೇ ಹೊರಟು ಹುಣಸೂರಿನಲ್ಲಿ ಗಾಡಿ ನಿಲ್ಲಿಸಿ, ಸಕ್ಕರೆ ಹಾಕಿದ ಕಾಫಿ ಕುಡಿಸಿದರೆ ಸ್ಕ್ಯಾನ್ ಮುಂದಕ್ಕೆ ಹೋಗುತ್ತದೆ.

ಬಯಾಪ್ಸಿ: ಎಲ್ಲರೂ ಎಡವುವುದು ಇಲ್ಲಿ

‘ಕ್ಯಾನ್ಸರ್ ಅಂತ ಗೊತ್ತಾಯ್ತಲ್ಲ, ಇನ್ನೇನು ಟೆಸ್ಟು? ಔಷಧಿ ಶುರು ಮಾಡಿ’ ಎನ್ನುತ್ತಾರೆ ಮನೆಯವರು. ಆದರೆ ಬಯಾಪ್ಸಿ ಎರಡು ಪ್ರಶ್ನೆಗೆ ಉತ್ತರ ಕೊಡಬೇಕು. ಮೊದಲನೆಯದು, ಸ್ಮಾಲ್ ಸೆಲ್ ಜಾತಿಯೋ, ನಾನ್ ಸ್ಮಾಲ್ ಸೆಲ್ ಜಾತಿಯೋ? ನೂರರಲ್ಲಿ ಸುಮಾರು 85 ಎರಡನೆಯದು. ಅದರಲ್ಲೂ ಅದರದೇ ಒಂದು ಬಗೆಯಾದ ಅಡಿನೊಕಾರ್ಸಿನೋಮಾ ಎಂದು ಬರೆದಿದ್ದರೆ ಎರಡನೇ ಪ್ರಶ್ನೆ ಇನ್ನೂ ಮುಖ್ಯ: ಗೆಡ್ಡೆಯ ಜೀನ್‌ಗಳಲ್ಲಿ ಏನು ಬದಲಾಗಿದೆ? ಇಜಿಎಫ್‌ಆರ್, ಎಎಲ್‌ಕೆ, ಆರ್‌ಒಎಸ್1 ಎಂಬ ಮೂರು ಜೀನ್, ಜೊತೆಗೆ ಪಿಡಿ-ಎಲ್1 ಎಂಬ ಪ್ರೋಟೀನ್, ಈ ನಾಲ್ಕಾದರೂ ನೋಡಿಸಲೇಬೇಕು. ಅನುಕೂಲವಿದ್ದರೆ ಹಲವು ಜೀನ್‌ಗಳನ್ನು ಒಟ್ಟಿಗೆ ನೋಡುವ ಎನ್‌ಜಿಎಸ್ ಪರೀಕ್ಷೆ ಇನ್ನೂ ಒಳ್ಳೆಯದು. ಭಾರತದ ಅಡಿನೊಕಾರ್ಸಿನೋಮಾ ರೋಗಿಗಳಲ್ಲಿ ಸುಮಾರು ಕಾಲು ಭಾಗದವರಲ್ಲಿ ಇಜಿಎಫ್‌ಆರ್ ಬದಲಾವಣೆ ಸಿಗುತ್ತದೆ. ಬೀಡಿ ಸಿಗರೇಟು ಮುಟ್ಟದವರಲ್ಲಿ ಹೆಚ್ಚು. ಸಿಕ್ಕರೆ ಕೀಮೋ ಬದಲು ದಿನಕ್ಕೊಂದು ಮಾತ್ರೆಯಲ್ಲೇ ಚಿಕಿತ್ಸೆ ಶುರುವಾಗಬಹುದು. ಇಂಥ ಮಾತ್ರೆಗಳಲ್ಲಿ ಗೆಫಿಟಿನಿಬ್ ಅನ್ನು ನಮ್ಮ ದೇಶದ ಕಂಪನಿಗಳೂ ತಯಾರಿಸುತ್ತವೆ, ಬೆಲೆ ಕೈಗೆಟುಕುವಂಥದ್ದು. ಒಸಿಮರ್ಟಿನಿಬ್ ದುಬಾರಿ, ಆದರೆ ಮಿದುಳಿಗೆ ಹರಡಿದ್ದರೂ ಚೆನ್ನಾಗಿ ಕೆಲಸ ಮಾಡುತ್ತದೆ.

ತೆಗೆದ ಮಾಂಸದ ಚೂರನ್ನು ಮೇಣದಲ್ಲಿ ಹುದುಗಿಸಿ ಇಡುತ್ತಾರೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಚೌಕಟ್ಟು, ಮೇಲೆ ಬಿಳಿ ಮೇಣ, ಅಂಚಿನಲ್ಲಿ ನಂಬರು. ಅದೇ ಬ್ಲಾಕ್. ಜೀನ್ ಪರೀಕ್ಷೆ ನಡೆಯುವುದು ಅದರಿಂದಲೇ, ಕೇಳಿದರೆ ಲ್ಯಾಬಿನವರು ಸಾಮಾನ್ಯವಾಗಿ ಕೊಡುತ್ತಾರೆ. ರಶೀದಿ ಜೋಪಾನ ಮಾಡಿ. ಬಿಸಿಲಿಗೆ ನಿಲ್ಲಿಸಿದ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬ್ಲಾಕ್ ಇಡಬೇಡಿ, ಮೇಣ ಕರಗುತ್ತದೆ. ಎದೆಯಲ್ಲಿ ನೀರು ತುಂಬಿ ತೆಗೆಸುವಾಗ, ಆ ನೀರನ್ನು ಚೆಲ್ಲದೆ ಅದರಲ್ಲಿರುವ ಜೀವಕೋಶಗಳಿಂದ ಇಂಥದೇ ಬ್ಲಾಕ್ (ಸೆಲ್ ಬ್ಲಾಕ್) ಮಾಡಿಸಲು ಮೊದಲೇ ಹೇಳಿ. ಇದರಿಂದ ಎಷ್ಟೋ ಸಲ ಮತ್ತೊಮ್ಮೆ ಬಯಾಪ್ಸಿ ಮಾಡಿಸುವುದು ತಪ್ಪುತ್ತದೆ. ಚೂರು ಸಾಲದೆ ಹೋದರೆ ರಕ್ತದಿಂದಲೂ ಜೀನ್ ನೋಡಬಹುದು, ಆದರೆ ರಕ್ತದಲ್ಲಿ ಸಿಗಲಿಲ್ಲ ಎಂದ ಮಾತ್ರಕ್ಕೆ ಇಲ್ಲವೆಂದಲ್ಲ.

ರಿಪೋರ್ಟಿಗೆ ಎರಡು ಮೂರು ವಾರ ಹಿಡಿಯಬಹುದು. ಆ ಕಾಯುವಿಕೆ ತಡೆಯಲಾರದೆ, ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ಎಬ್ಬಿಸುವ ಇಮ್ಯುನೊಥೆರಪಿ ಇಂಜೆಕ್ಷನ್ ಹಾಕಿಸಲು ಒತ್ತಾಯಿಸಬೇಡಿ. ಅದಾದ ಮೇಲೆ ಇಜಿಎಫ್‌ಆರ್ ಇದೆ ಎಂದು ತಿಳಿದು ಒಸಿಮರ್ಟಿನಿಬ್ ಕೊಟ್ಟರೆ, ಶ್ವಾಸಕೋಶಕ್ಕೇ ಗಂಭೀರ ಉರಿಯೂತ ಬರುವ ಅಪಾಯ ಹೆಚ್ಚು. ಉಸಿರಾಟಕ್ಕೆ ತೀರಾ ಕಷ್ಟವಿದ್ದರೆ ಡಾಕ್ಟರೇ ಕೀಮೋ ಒಂದನ್ನೇ ಶುರು ಮಾಡುತ್ತಾರೆ.

‘ಎಷ್ಟು ದಿನ?’

ಮಗ ಕಾರಿಡಾರಿನಲ್ಲಿ ಡಾಕ್ಟರನ್ನು ತಡೆದು ‘ಅಪ್ಪನಿಗೆ ಹೇಳ್ಬೇಡಿ ಡಾಕ್ಟ್ರೇ, ಪುತ್ತರಿ ಹಬ್ಬದ ತನಕ ಇರ್ತಾರಾ ಅಷ್ಟು ಹೇಳಿ’ ಎನ್ನುತ್ತಾನೆ. ಒಳಗೆ ಅಪ್ಪ, ತೋಟ ಯಾರ ಹೆಸರಿಗೆ ಮಾಡಲಿ ಎಂದು ಒಬ್ಬರೇ ಯೋಚಿಸುತ್ತಾ ಕೂತಿರುತ್ತಾರೆ. ಅವರಿಗೆ ಎಷ್ಟು ತಿಳಿಯಬೇಕೆಂದಿದೆ ಎಂದು ಅವರನ್ನೇ ಕೇಳಿ, ಅವರ ಎದುರಿಗೇ ಮಾತಾಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಡಾಕ್ಟರು ‘ಮೀಡಿಯನ್ ಒಂದು ವರ್ಷ’ ಎಂದರೆ ವರ್ಷಕ್ಕೆ ಮುಗಿಯಿತು ಎಂದಲ್ಲ. ನೂರು ಜನರಲ್ಲಿ ಐವತ್ತು ಮಂದಿ ಅದಕ್ಕಿಂತ ಹೆಚ್ಚು ಬದುಕಿದರು ಎಂದರ್ಥ, ಕೆಲವರು ಬಹಳ ಹೆಚ್ಚು. ಜೀನ್ ರಿಪೋರ್ಟ್ ಇಲ್ಲದೆ ಆ ಅಂಕಿಯೂ ಅಂದಾಜೇ. ಇಜಿಎಫ್‌ಆರ್ ಇದ್ದು ಒಸಿಮರ್ಟಿನಿಬ್‌ನಿಂದಲೇ ಶುರು ಮಾಡಿದವರ ದೊಡ್ಡ ಅಧ್ಯಯನವೊಂದರಲ್ಲಿ ಮೀಡಿಯನ್ 38.6 ತಿಂಗಳು. ಪಿಡಿ-ಎಲ್1 ಶೇ 50 ಅಥವಾ ಅದಕ್ಕಿಂತ ಹೆಚ್ಚಿದ್ದು, ಇಜಿಎಫ್‌ಆರ್, ಎಎಲ್‌ಕೆ ಬದಲಾವಣೆ ಇಲ್ಲದವರಿಗೆ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧಿ ಕೊಟ್ಟಾಗ ನೂರರಲ್ಲಿ ಸುಮಾರು 32 ಮಂದಿ ಐದು ವರ್ಷದ ನಂತರವೂ ಬದುಕಿದ್ದರು. ಇವೆಲ್ಲ ಬಹುಮಟ್ಟಿಗೆ ನಾಲ್ಕನೇ ಹಂತದವರ ಲೆಕ್ಕಗಳೇ. ರೋಗಿ ಎದ್ದು ಓಡಾಡುತ್ತಿದ್ದಾರೋ, ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಮಲಗಿರುತ್ತಾರೋ ಎಂಬುದೂ ಲೆಕ್ಕವನ್ನು ಬದಲಿಸುತ್ತದೆ. ಹಾಗಾಗಿ ಒಂದೇ ಅಂಕಿ ಕೇಳಬೇಡಿ. ‘ಚಿಕಿತ್ಸೆ ಹಿಡಿದರೆ ಎಷ್ಟು, ಹಿಡಿಯದಿದ್ದರೆ ಎಷ್ಟು, ಸಾಮಾನ್ಯವಾಗಿ ಎಷ್ಟು? ಹಿಡಿದಿದೆಯೋ ಇಲ್ಲವೋ ಯಾವ ಸ್ಕ್ಯಾನಿನಲ್ಲಿ ಗೊತ್ತಾಗುತ್ತದೆ?’ ಎಂದು ಕೇಳಿ. ಉತ್ತರವನ್ನು ಅಲ್ಲೇ ಬರೆದುಕೊಳ್ಳಿ.

ನೋವು, ಸಂಕಟ ಕಡಿಮೆ ಮಾಡುವ ಉಪಶಮನ ಆರೈಕೆಯವರನ್ನೂ ಮೊದಲ ತಿಂಗಳಲ್ಲೇ ಕಾಣಿರಿ. ಅದು ಕೈಬಿಟ್ಟವರಿಗೆ ಎಂಬ ಭಾವನೆ ತಪ್ಪು. 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದೇ ಕಾಯಿಲೆಯವರಿಗೆ ಚಿಕಿತ್ಸೆಯ ಜೊತೆಗೆ ಈ ಆರೈಕೆಯೂ ಆರಂಭದಿಂದಲೇ ಸಿಕ್ಕಾಗ ಮೀಡಿಯನ್ 11.6 ತಿಂಗಳಾಯಿತು, ಸಿಗದವರಲ್ಲಿ 8.9. ನೋವಿಗೆ ಮಾರ್ಫಿನ್ ಮಾತ್ರೆ ಬರೆದರೆ ಹೆದರಬೇಡಿ, ಕೊಡಿ.

ಮನೆಯಲ್ಲಿ

‘ಕ್ಯಾನ್ಸರ್ ಕರಗಿಸುವ’ ಪುಡಿ, ಅಮೃತಬಳ್ಳಿ ಕಷಾಯ ಕ್ಯಾನ್ಸರಿನ ಮಾತ್ರೆಗಳ ಜೊತೆ ಬೇಡವೇ ಬೇಡ. ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ, ಲಿವರ್ ಕೆಟ್ಟರೆ ಮಾತ್ರೆಯನ್ನೇ ನಿಲ್ಲಿಸಬೇಕಾಗುತ್ತದೆ. ಗ್ಯಾಸಿಗೆಂದು ಅಂಗಡಿಯಿಂದ ತರುವ ಪ್ಯಾಂಟೊಪ್ರಜೋಲ್ ಕೂಡ ಗೆಫಿಟಿನಿಬ್ ಮೈಗೆ ಸರಿಯಾಗಿ ಹತ್ತದಂತೆ ಮಾಡುತ್ತದೆ. ಡಾಕ್ಟರನ್ನು ಕೇಳದೆ ಕೊಡಬೇಡಿ.

ಮಳೆಗಾಲದಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚುವುದು ನಮಗೆ ಹೊಸತಲ್ಲ. ಜೂನ್‌ಗೆ ಮುಂಚೆ ಒಂದು ತಿಂಗಳ ಮಾತ್ರೆ ಹೆಚ್ಚುವರಿ ತಂದಿಡಿ. ಕೀಮೋ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ದಾಟಿದರೆ, ಬೆನ್ನುನೋವಿನ ಜೊತೆ ಕಾಲು ಸೋತರೆ, ಮುಖ ಕುತ್ತಿಗೆ ಊದಿಕೊಂಡರೆ ಬೆಳಗಾಗಲಿ ಎಂದು ಕಾಯಬೇಡಿ. ದೂರದ ದೊಡ್ಡಾಸ್ಪತ್ರೆಯ ಯೋಚನೆ ಬಿಟ್ಟು, ಫೈಲ್ ಹಿಡಿದು ಹತ್ತಿರದ ಆಸ್ಪತ್ರೆಗೆ ಹೋಗಿ, ಅಲ್ಲಿಂದಲೇ ನಿಮ್ಮ ಕ್ಯಾನ್ಸರ್ ಡಾಕ್ಟರಿಗೆ ಫೋನ್ ಮಾಡಿಸಿ.