ಹಲ್ಲು ಕೀಳಿಸಿದ ಮೇಲೆ ‘ಎಣ್ಣೆ’ಗೆ ಎಷ್ಟು ದಿನ ರಜೆ?

ಮಲೆನಾಡಿನಲ್ಲಿ ಜಡಿಮಳೆ ಹಿಡಿದರೆ ಸಂಜೆಯ ಪೆಗ್ಗು ಔಷಧದ ಲೆಕ್ಕಕ್ಕೇ ಸೇರಿಬಿಡುತ್ತದೆ. ಹಲ್ಲುನೋವಿಗೂ ಕೆಲವರ ಮನೆಯಲ್ಲಿ ಅದೇ ಮದ್ದು. ‘ಒಂದು ಗುಟುಕು ಬ್ರಾಂದಿ ಬಾಯಲ್ಲಿ ಹಿಡ್ಕೊ ಮಾರಾಯ, ನೋವು ಸತ್ತೇ ಹೋಗುತ್ತೆ’ ಅನ್ನುತ್ತಾರೆ. ಹಲ್ಲು ಕಿತ್ತ ಜಾಗಕ್ಕೆ ಮಾತ್ರ ಈ ಮದ್ದು ಬೇಡವೇ ಬೇಡ. ಹಸಿ ಗಾಯ ಉರಿಯುತ್ತದೆ, ರಕ್ತ ನಿಲ್ಲುವುದು ತಡವಾಗುತ್ತದೆ.

ಕೀಳಿಸುವ ಮೊದಲು

ಕುಡಿತದ ವಿಷಯ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ಪಕ್ಕದಲ್ಲಿ ಹೆಂಡತಿ ಕೂತಿದ್ದಾರೆ ಅಂತ ‘ಯಾವಾಗಾದ್ರೂ ಒಂದ್ಸಲ’ ಅನ್ನಬೇಡಿ. ಕುಡಿದು ಲಿವರ್ ಕೆಟ್ಟಿದ್ದರೆ ರಕ್ತ ಹೆಪ್ಪುಗಟ್ಟುವುದೇ ಕಷ್ಟ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ಬಿಟ್ಟರೆ ಕೈನಡುಕ, ಬೆವರು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಅದಕ್ಕೂ ಮೊದಲೇ ದಾರಿ ನೋಡಬೇಕಲ್ವಾ? ಧೈರ್ಯಕ್ಕೆಂದು ಹಾಕಿಕೊಂಡು ಹೋಗುವುದಂತೂ ಬೇಡ.

ಮೊದಲ ದಿನ

ಕಿತ್ತ ಕುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಕೂರುತ್ತದೆ. ಕೆಳಗಿನ ಮೂಳೆಗೆ, ನರಕ್ಕೆ ಅದೇ ಮುಚ್ಚಳ. ಡಾಕ್ಟರು ಇಟ್ಟ ಹತ್ತಿಯನ್ನು ಅರ್ಧದಿಂದ ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿ. ಎಂಜಲು ಉಗುಳಬೇಡಿ, ನುಂಗಿ. ಬಸ್ಸಿನ ಕಿಟಕಿಯಿಂದ ಪಿಚಕ್ ಅಂತ ಉಗಿಯುವ ಚಟದವರಿಗೆ ಇದೇ ದೊಡ್ಡ ಕಷ್ಟ! ಸ್ಟ್ರಾ, ಬೀಡಿ, ಸಿಗರೇಟು, ಎಲೆ-ಅಡಿಕೆ ಯಾವುದೂ ಬೇಡ. ಎಳೆದರೂ ಉಗುಳಿದರೂ ಹೆಪ್ಪು ಕಿತ್ತು ಬರುತ್ತದೆ. ಊಟಕ್ಕೆ ಆರಿದ ಗಂಜಿ, ಮೊಸರನ್ನ. 24 ಗಂಟೆ ಕಳೆದ ಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ. ಜೋರಾಗಿ ಮುಕ್ಕಳಿಸದೆ, ತಲೆ ಅತ್ತಿತ್ತ ಓರೆ ಮಾಡಿ ಹಾಗೇ ಹೊರಗೆ ಬಿಡಿ.

ದಿನದ ಲೆಕ್ಕ

ಮಾಮೂಲಿ ಹಲ್ಲಾದರೆ ಕನಿಷ್ಠ ಮೂರು ದಿನ ಎಣ್ಣೆ ಬಂದ್. ವಸಡು ಕೊಯ್ದು, ಹೊಲಿಗೆ ಹಾಕಿ ತೆಗೆದ ಬುದ್ಧಿಹಲ್ಲಾದರೆ ವಾರ, ಹತ್ತು ದಿನ ಬಿಡುವುದು ಒಳ್ಳೆಯದು. ‘ಬಗನಿ ಕಳ್ಳು ತಂಪು, ಏನಾಗಲ್ಲ’ ಎಂಬ ವಾದ ನಡೆಯುವುದಿಲ್ಲ. ಅದರಲ್ಲೂ ಆಲ್ಕೋಹಾಲ್ ಇದೆ.

ಮಾತ್ರೆ ಕೊಟ್ಟಿದ್ದರೆ ಈ ಲೆಕ್ಕವೇ ಬದಲಾಗುತ್ತದೆ. ಆಗ ದಿನ ಎಣಿಸುವುದು ಕೊನೆಯ ಮಾತ್ರೆಯಿಂದ. ಮಾತ್ರೆ ಪಟ್ಟಿಯನ್ನು ತಿರುಗಿಸಿ ಓದಿ. ಮೆಟ್ರೋನಿಡಜೋಲ್ ಅಂತ ಇದೆಯಾ? ಹಲ್ಲಿನ ಸೋಂಕಿಗೆ ಇದನ್ನು ಬರೆಯುವುದುಂಟು. ಫ್ಲ್ಯಾಜಿಲ್, ಮೆಟ್ರೋಜಿಲ್ ಎಂಬ ಹೆಸರಲ್ಲೂ ಬರುತ್ತದೆ. ಇದರ ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಡವಡವ ಹೊಡೆದು, ವಾಂತಿ ಶುರುವಾಗಬಹುದು. ವಾಂತಿಯ ರಭಸಕ್ಕೆ ಕುಳಿಯ ಹೆಪ್ಪು ಉಳಿಯುತ್ತದಾ? ಕೊನೆಯ ಮಾತ್ರೆ ನುಂಗಿ ಮೂರು ದಿನ ಕಳೆಯುವವರೆಗೆ ಬಿಯರ್ ಕೂಡ ಮುಟ್ಟಬೇಡಿ. ಟಿನಿಡಜೋಲ್‌ಗೂ ಇದೇ ನಿಯಮ. ಐದು ದಿನದ ಕೋರ್ಸ್ ಆದರೆ ಒಟ್ಟು ಎಂಟು ದಿನ ಆಯಿತು. ಶನಿವಾರದ ಪಾರ್ಟಿಗೆಂದು ಕೋರ್ಸನ್ನೇ ಅರ್ಧಕ್ಕೆ ನಿಲ್ಲಿಸುವ ಜಾಣರಿದ್ದಾರೆ. ಸೋಂಕು ಮತ್ತೆ ತಲೆ ಎತ್ತಿದರೆ ಇನ್ನೊಂದು ಸುತ್ತು ಮಾತ್ರೆ, ಇನ್ನಷ್ಟು ರಜೆ.

ನೋವಿನ ಮಾತ್ರೆಗಳದ್ದು ಬೇರೆ ಕಥೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೇಲೆ ಕುಡಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವದ ಭಯ. ಪ್ಯಾರಸಿಟಮಾಲ್ ಜೊತೆ ಜಾಸ್ತಿ ಕುಡಿದರೆ ಲಿವರಿಗೆ ಪೆಟ್ಟು. ಅಂದ ಹಾಗೆ, ಕೆಲವು ಮೌತ್‌ವಾಶ್‌ನಲ್ಲೂ ಆಲ್ಕೋಹಾಲ್ ಇರುತ್ತದೆ. ಲೇಬಲ್ ನೋಡಿ ತನ್ನಿ.

ರಜೆ ಮುಗಿದ ಮೇಲೂ ಹುರಿದ ಶೇಂಗಾ, ಖಾರದ ಚಿಕನ್ ಫ್ರೈ ಸ್ವಲ್ಪ ದಿನ ದೂರ ಇರಲಿ.

ಯಾವಾಗ ಓಡಬೇಕು?

ಮೊದಲ ದಿನ ಎಂಜಲು ನಸುಗೆಂಪಾಗಿರುವುದು ಮಾಮೂಲು. ಮೂರನೇ ದಿನದ ಹೊತ್ತಿಗೆ ನೋವು ಇಳಿಯುವ ಬದಲು ಏರಿ, ಕಿವಿಯವರೆಗೆ ಸೆಳೆದು, ಬಾಯಿ ನಾರುತ್ತಿದ್ದರೆ ಹೆಪ್ಪು ಹೋಗಿ ಮೂಳೆ ಬಯಲಾಗಿರಬಹುದು. ಡಾಕ್ಟರು ‘ಡ್ರೈ ಸಾಕೆಟ್’ ಅನ್ನುವುದು ಇದಕ್ಕೇ. ಲವಂಗ ಕಚ್ಚುತ್ತಾ ಕೂರಬೇಡಿ. ಅವರು ಕುಳಿ ತೊಳೆದು ಮದ್ದು ಇಟ್ಟರೆ ನೋವು ಬೇಗ ತಗ್ಗುತ್ತದೆ.

ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯನ್ನು ಒದ್ದೆ ಮಾಡಿ, ಮಡಿಸಿ, ಅರ್ಧ ಗಂಟೆ ಕಚ್ಚಿ ನೆಟ್ಟಗೆ ಕೂರಿ. ಆಗಲೂ ನಿಲ್ಲದಿದ್ದರೆ ಬೆಳಗಿನ ಮೊದಲ ಬಸ್ಸಿಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್‌ಗೋ ರಾತ್ರಿಯೇ ಹೊರಡಿ.