ಒಂದು ಹುಳು, ನಾಲ್ಕು ಪ್ರಶ್ನೆ

ಶಿಡ್ಲಘಟ್ಟದ ಒಂದು ಪಿಯು ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ಮಕ್ಕಳಲ್ಲಿ ಬಹಳಷ್ಟು ಜನ ರೇಷ್ಮೆ ಸಾಕುವ ಮನೆಯವರು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಮನೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದಿತೆಂದರೆ ಮುಂದಿನ ಒಂದು ವಾರ ಆ ಮನೆಯ ಮಗು ಕಾಲೇಜಿಗೆ ಬರುವುದಿಲ್ಲ. ಹಗಲು ರಾತ್ರಿ ಸೊಪ್ಪು ಕೊಯ್ಯಬೇಕು, ಹಾಕಬೇಕು. ನಾನೂ ಅಂಥ ಮನೆಯಲ್ಲೇ ಬೆಳೆದವಳು, ಹಾಗಾಗಿ ಬೈಯಲು ಮನಸ್ಸು ಬರುವುದಿಲ್ಲ.

ನನ್ನನ್ನು ಕಾಡುತ್ತಿದ್ದ ಸಮಸ್ಯೆ ಬೇರೆ. ಮಕ್ಕಳಿಗೆ ಜೀವಕೋಶ ಒಂದು ಪಾಠ, ಅನುವಂಶೀಯತೆ ಇನ್ನೊಂದು ಪಾಠ, ಪರಿಸರ ಕೊನೆಯಲ್ಲಿ ಓಡಿಸಿ ಮುಗಿಸುವ ಪಾಠ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ಆದರೆ ಇಡೀ ಜೀವಶಾಸ್ತ್ರವನ್ನು ಹಿಡಿದು ನಿಲ್ಲಿಸಿರುವುದು ನಾಲ್ಕೈದು ದೊಡ್ಡ ವಿಚಾರಗಳು. ಅದು ಗೊತ್ತಾದರೆ ಓದುವುದು ಎಷ್ಟು ಹಗುರ ಅಲ್ವಾ? ಅದಕ್ಕೇ ಒಂದು ವರ್ಷ ಜೂನ್‌ನಲ್ಲೇ ಬೋರ್ಡಿನ ತುಂಬ ಬರೆದೆ: ವಿಕಾಸ, ಶಕ್ತಿ, ಮಾಹಿತಿ, ಸಮತೋಲನ. ನಡುವೆ ಬಾಣದ ಗುರುತು. ಮಕ್ಕಳು ಸ್ಕೇಲ್ ಇಟ್ಟು ನೀಟಾಗಿ ನೋಟ್ಸಿಗೆ ಇಳಿಸಿಕೊಂಡರು, ಪರೀಕ್ಷೆಯಲ್ಲಿ ಹಾಗೇ ಬರೆದರು. ಒಬ್ಬರಿಗೂ ಅದು ಉಪಯೋಗಕ್ಕೆ ಬರಲಿಲ್ಲ. ತಪ್ಪು ನನ್ನದೇ. ಉತ್ತರವನ್ನು ಮೊದಲೇ ಕೊಟ್ಟುಬಿಟ್ಟಿದ್ದೆ.

ಅದೇ ವರ್ಷ ಹುಳುವಿನ ರಜೆ ಮುಗಿಸಿ ಬಂದ ಒಬ್ಬಳು ಹುಡುಗಿ ಹಾರ್ಮೋನ್ ಪಾಠದ ಮಧ್ಯೆ ಎದ್ದು ನಿಂತಳು. "ಮೇಡಂ, ಹುಳು ಎಲ್ಲಾ ಒಟ್ಟಿಗೆ ಹಣ್ಣಾಗಲಿ ಅಂತ ನಮ್ಮಪ್ಪ ಸೊಪ್ಪಿಗೆ ಔಷಧಿ ಚಿಮುಕಿಸಿದ್ರು. ಅದು ಗಿಡದಿಂದ ತೆಗೆದಿದ್ದಂತೆ. ಗಿಡದ ರಸಕ್ಕೆ ಹುಳು ಯಾಕೆ ಹಣ್ಣಾಗುತ್ತೆ?"

ಹಣ್ಣಾಗುವುದು ಅಂದರೆ ಹುಳು ಸೊಪ್ಪು ಬಿಟ್ಟು ಗೂಡು ಕಟ್ಟಲು ಸಿದ್ಧವಾಗುವುದು. ಆ ಪ್ರಶ್ನೆಗೆ ಉತ್ತರ ಹೇಳಲು ನನಗೆ ಮೂರು ತರಗತಿ ಬೇಕಾಯಿತು.

ಮೊದಲು ಹುಳುವಿನ ಒಳಗಿನ ಸಂಗತಿ. ಜ್ವರ ಬರಿಸುವುದು ಎಕ್ಡೈಸೋನ್ ಎಂಬ ಹಾರ್ಮೋನ್. 1954ರಲ್ಲಿ ಜರ್ಮನಿಯ ಬ್ಯುಟೆನಾಂಟ್ ಮತ್ತು ಕಾರ್ಲ್ಸನ್ ಇದನ್ನು ಮೊದಲ ಬಾರಿಗೆ ಬೇರ್ಪಡಿಸಿದ್ದು ರೇಷ್ಮೆ ಹುಳುವಿನ ಕೋಶದಿಂದಲೇ, ಅಂದರೆ ಗೂಡಿನೊಳಗಿನ ಪ್ಯೂಪಾದಿಂದ. 500 ಕಿಲೋ ಕೋಶ ಅರೆದು ಅವರಿಗೆ ಸಿಕ್ಕಿದ್ದು 25 ಮಿಲಿಗ್ರಾಂ. ಇದನ್ನು ಹೇಳಿದಾಗ ತರಗತಿ ಒಮ್ಮೆಗೇ ಸುಮ್ಮನಾಯಿತು. 500 ಕಿಲೋ ಕೋಶ ಅಂದರೆ ಎಷ್ಟು ಗೂಡು ಅಂತ ಈ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಈ ಹಾರ್ಮೋನ್ ಜೊತೆ ಇನ್ನೊಂದಿದೆ, ಜುವೆನೈಲ್ ಹಾರ್ಮೋನ್. ಅದು ಇರುವವರೆಗೆ ಹುಳು ಪೊರೆ ಬಿಟ್ಟು ಮತ್ತೆ ಹುಳುವೇ ಆಗುತ್ತದೆ. ಅದು ಇಳಿದುಹೋದ ಮೇಲೆ ಎಕ್ಡೈಸೋನ್ ಏರಿದರೆ ಹುಳು ಸೊಪ್ಪು ಬಿಟ್ಟು ಗೂಡು ಕಟ್ಟಲು ಹೊರಡುತ್ತದೆ.

ಆಮೇಲೆ ಗಿಡದ ಸಂಗತಿ. ಹುಳುವಿನ ಹಾರ್ಮೋನ್ ಗಿಡದಲ್ಲಿ ಯಾಕಿರಬೇಕು? ಗಿಡ ಪೊರೆ ಬಿಡುವುದಿಲ್ಲವಲ್ಲ! ಎಕ್ಡೈಸೋನ್ ಜಾತಿಯ ವಸ್ತುವನ್ನು ಎಷ್ಟೋ ಗಿಡಗಳು ತಯಾರಿಸುತ್ತವೆ. ನಾವು ತಿನ್ನುವ ಪಾಲಕ್ ಸೊಪ್ಪಿನಲ್ಲೂ ಇದೆ. ತಿನ್ನಲು ಬಂದ ಕೀಟ ಹೊತ್ತಲ್ಲದ ಹೊತ್ತಿನಲ್ಲಿ ಪೊರೆ ಬಿಟ್ಟು ಕೆಡುತ್ತದೆ, ಗಿಡ ಉಳಿಯುತ್ತದೆ. ಕೋಟಿಗಟ್ಟಲೆ ವರ್ಷದಿಂದ ಗಿಡಕ್ಕೂ ಕೀಟಕ್ಕೂ ನಡೆದಿರುವ ಜಗಳದ ಅಸ್ತ್ರ ಅದು. ಅದನ್ನೇ ನಾವು ಅಳತೆ ನೋಡಿ, ಸರಿಯಾದ ದಿನ ನೋಡಿ ಹುಳುಮನೆಯಲ್ಲಿ ಬಳಸುತ್ತಿದ್ದೇವೆ. ಹಾರ್ಮೋನ್, ಸಸ್ಯ, ಪರಿಸರ, ವಿಕಾಸ, ನಾಲ್ಕು ಪಾಠವೂ ಒಂದು ಬಾಟಲಿಯಲ್ಲಿ!

ಮುಂದಿನ ವರ್ಷ ಬೋರ್ಡಿನ ಮೇಲೆ ವಿಚಾರಗಳ ಹೆಸರು ಬರೆಯಲೇ ಇಲ್ಲ. ನಾಲ್ಕು ದೊಡ್ಡ ಹಾಳೆಗಳನ್ನು ಗೋಡೆಗೆ ಅಂಟಿಸಿದೆ, ಒಂದೊಂದರ ಮೇಲೆ ಒಂದೊಂದು ಪ್ರಶ್ನೆ. ಇದಕ್ಕೆ ಶಕ್ತಿ ಎಲ್ಲಿಂದ ಬಂತು? ಹೇಗಾಗಬೇಕು ಅನ್ನೋದು ಎಲ್ಲಿ ಬರೆದಿದೆ? ಕೆಡದ ಹಾಗೆ ಏನು ಕಾಯುತ್ತೆ? ಹೀಗೇ ಯಾಕಾಯ್ತು, ಬೇರೆ ಥರ ಯಾಕಾಗಲಿಲ್ಲ? ಯಾವ ಪಾಠವಾದರೂ ಸರಿ, ಮುಗಿದ ದಿನ ಒಂದು ಚೀಟಿ ಬರೆದು ಸರಿಯಾದ ಹಾಳೆಗೆ ಅಂಟಿಸಬೇಕು. ಉದಾಹರಣೆ ಮಾತ್ರ ರೇಷ್ಮೆ ಹುಳುವಿನದೇ ಇರಬೇಕು. ಎಲ್ಲಿ ಅಂಟಿಸುವುದು ಅಂತ ಮಕ್ಕಳು ಜಗಳ ಆಡುತ್ತಾರೆ. ನನಗೆ ಬೇಕಾಗಿದ್ದೂ ಅದೇ.

ಎರಡನೇ ಪ್ರಶ್ನೆಗೆ ನಾನು ಒಂದು ಹಣ್ಣು ಹುಳುವನ್ನು ಉಪ್ಪುನೀರಿನ ತಟ್ಟೆಯಲ್ಲಿ ಬಿಡಿಸಿ ತೋರಿಸುತ್ತೇನೆ. ಇಡೀ ತರಗತಿಗೆ ಒಂದೇ ಹುಳು. ರೇಷ್ಮೆ ಗ್ರಂಥಿ ಎರಡೂ ಕಡೆ ಮಡಚಿಕೊಂಡು ಮಲಗಿರುತ್ತದೆ. ಬೆಂದ ಶಾವಿಗೆಯಂತೆ ಹೊಳೆಯುತ್ತದೆ, ಸೂಜಿಯಿಂದ ಎತ್ತಿದರೆ ಅಂಟಂಟಾಗಿ ಎಳೆ ಬರುತ್ತದೆ. ಗೂಡು ಕಂಡವರೇ ಎಲ್ಲರೂ, ಇದನ್ನು ಕಂಡವರು ಇಲ್ಲ. ಈ ಗ್ರಂಥಿಯ ಜೀವಕೋಶಗಳು ಹುಳು ಮೊಟ್ಟೆ ಒಡೆದು ಬಂದ ಮೇಲೆ ವಿಭಜನೆ ಆಗುವುದಿಲ್ಲ. ಸಂಖ್ಯೆ ಅಷ್ಟೇ, ಕೋಶ ಮಾತ್ರ ಹಿಗ್ಗುತ್ತಾ ಹೋಗುತ್ತದೆ. ಒಳಗೆ ಡಿಎನ್‌ಎ ಪ್ರತಿಯ ಮೇಲೆ ಪ್ರತಿ ಆಗಿ ಲಕ್ಷಗಟ್ಟಲೆ ಆಗುತ್ತದೆ. "ಡಿಎನ್‌ಎ ಎರಡಾದರೆ ಕೋಶವೂ ಎರಡಾಗುತ್ತೆ" ಅಂತ ಬಾಯಿಪಾಠ ಮಾಡಿದವರು ಇಲ್ಲಿ ನಿಂತುಬಿಡುತ್ತಾರೆ. ಕೆಲವೇ ದಿನದಲ್ಲಿ ಅಷ್ಟೊಂದು ರೇಷ್ಮೆ ಮಾಡಬೇಕಲ್ಲ, ಅದಕ್ಕೆ ಆದೇಶದ ಪ್ರತಿಗಳೂ ಜಾಸ್ತಿ ಬೇಕು. ರೇಷ್ಮೆ ಎಳೆಯ ಪ್ರೋಟೀನ್ ಆದ ಫೈಬ್ರಾಯಿನ್‌ನ ಜೀನ್ ಹುಳುವಿನ ಕಾಲಿನ ಜೀವಕೋಶದಲ್ಲೂ ಇದೆ, ಆದರೆ ಅಲ್ಲಿ ಬಾಯಿ ಬಿಡುವುದಿಲ್ಲ. ಆ ಜೀನಿನಿಂದ ಆಗುವ ಪ್ರೋಟೀನಿನಲ್ಲಿ ಬಹುಪಾಲು ಗ್ಲೈಸಿನ್, ಅಲನಿನ್, ಸೆರಿನ್. ಮೂರೂ ಸಣ್ಣ ಅಮೈನೋ ಆಮ್ಲಗಳು. ಸಣ್ಣವಾದ್ದರಿಂದ ಸಾಲುಗಳು ಒತ್ತಾಗಿ ಕೂರುತ್ತವೆ, ಎಳೆ ಗಟ್ಟಿಯಾಗುತ್ತದೆ. ಡಿಎನ್‌ಎಯಿಂದ ಸೀರೆಯವರೆಗೆ ಒಂದೇ ದಾರ. ಗ್ಲೈಸಿನ್‌ಗೆ ಆರ್‌ಎನ್‌ಎಯಲ್ಲಿ ಇರುವ ಜಿಜಿಯು ಎಂಬ ಸಂಕೇತ ಹುಳುವಿಗೂ ಹಿಪ್ಪುನೇರಳೆಗೂ ನಮಗೂ ಒಂದೇ. ಇದನ್ನು ಹೇಳುವಾಗ ಇಷ್ಟು ವರ್ಷ ಆದರೂ ನನಗೆ ಮೈ ಜುಂ ಅನ್ನುತ್ತದೆ.

ಮೂರನೇ ಹಾಳೆಗೆ ಗಂಟು ರೋಗ (ಪೆಬ್ರಿನ್) ಬಂತು, ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುವ ಹುಳುವಿನ ರೋಗ ಅದು. 1865ರಲ್ಲಿ ಲೂಯಿ ಪಾಶ್ಚರ್ ಫ್ರಾನ್ಸಿನ ರೇಷ್ಮೆ ಉಳಿಸಲು ಹೋದರು, ಅದಕ್ಕೆ ಮುಂಚೆ ಅವರು ಹುಳು ಮುಟ್ಟಿದವರಲ್ಲ. ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಅದರ ಮೊಟ್ಟೆ ಎಸೆಯುವ ಕ್ರಮ ಅವರದು. ನಮ್ಮ ಮಕ್ಕಳ ಮನೆಗೆ ಬರುವ ರೋಗರಹಿತ ಮೊಟ್ಟೆ ಇವತ್ತಿಗೂ ಅದೇ ದಾರಿಯಲ್ಲಿ ಬರುವುದು. ನಾವು "ನೂರು ಮೊಟ್ಟೆ" ಅನ್ನುವುದು ನೂರು ತಾಯಂದಿರು ಇಟ್ಟ ಮೊಟ್ಟೆಗೆ, ಅಂದರೆ ಸುಮಾರು 40 ರಿಂದ 50 ಸಾವಿರ ಹುಳುವಿಗೆ. ಒಂದು ತಾಯಿಯನ್ನು ಒಂದು ಲೆಕ್ಕವಾಗಿ ಹಿಡಿಯುವುದು ಯಾಕೆ ಅಂತ ಮಕ್ಕಳಿಗೆ ಆಗ ಅರ್ಥವಾಯಿತು.

ಕೊನೆಯ ಪ್ರಶ್ನೆಗೆ ಜಾಸ್ತಿ ಚೀಟಿ ಬೀಳುತ್ತವೆ ಅಂತ ನಾನು ಅಂದುಕೊಂಡಿರಲಿಲ್ಲ. ರೇಷ್ಮೆ ಚಿಟ್ಟೆಗೆ ರೆಕ್ಕೆ ಇದ್ದರೂ ಹಾರಲು ಬರುವುದಿಲ್ಲ. ಹಸಿದರೂ ಹುಳು ತಟ್ಟೆ ಬಿಟ್ಟು ಅಲೆಯುವುದಿಲ್ಲ. ಇದರ ಕಾಡುಬಂಧು ಬಾಂಬಿಕ್ಸ್ ಮ್ಯಾಂಡರಿನ ಚೀನಾ, ಜಪಾನ್ ಕಡೆ ಈಗಲೂ ಹಾರಾಡಿಕೊಂಡಿದೆ. ಸಾವಿರಾರು ವರ್ಷ ಜನ ಅಲೆಯದ ಹುಳುವನ್ನೇ, ದಪ್ಪ ಗೂಡನ್ನೇ ಆರಿಸಿಕೊಂಡು ಬಂದದ್ದರ ಫಲ ಇದು. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಹಂಗಾದ್ರೆ ಟೊಮೆಟೊ ಕಾಯಿಕೊರಕಕ್ಕೆ ಔಷಧಿ ಹಿಡೀತಿಲ್ಲ ಅಂತಾರಲ್ಲ ಮೇಡಂ, ಅದೂ ಇದೇನಾ? ಸಾಯದೆ ಉಳಿದಿದ್ದನ್ನೇ ನಾವು ಆರಿಸ್ತಿದ್ದೀವಾ?"

ರೇಷ್ಮೆ ಹುಳು ಬಿಟ್ಟು ಬೇರೆ ಉದಾಹರಣೆ ಬರೆಯಬಾರದು ಅನ್ನುವ ನಿಯಮವನ್ನು ನಾನು ಅವತ್ತೇ ತೆಗೆದುಹಾಕಿದೆ. ಅವನ ಚೀಟಿ ನಾಲ್ಕನೇ ಹಾಳೆಯಲ್ಲಿ ಇನ್ನೂ ಇದೆ. ಪಕ್ಕದಲ್ಲಿ ಈಗ ರಾಗಿಯ ಚೀಟಿಗಳು ಶುರುವಾಗಿವೆ.